ಜಂಬಪ್ಪ ಪಾಸು ಮಾಡಿದ ಎಣ್ಣೆ

ಸಂಡೂರಿನ ಗುಡ್ಡದ ಮೇಲಿನ ನಮ್ಮ ಗಣಿಯಲ್ಲಿ ಜಂಬಪ್ಪನ ಬೆರಳು ಮುಟ್ಟದ ಎಂಜಿನ್ ಎಣ್ಣೆ ಯಾವ ಲಾರಿಗೂ ಬೀಳುತ್ತಿರಲಿಲ್ಲ. ಹುಡುಗನಾಗಿದ್ದಾಗ ಕಂಪ್ಲಿಯ ಹೊಳೆದಂಡೆಯಲ್ಲಿ ಪಂಪಿನ ಎಂಜಿನ್ ಬಿಚ್ಚಿ ಕಲಿತ ಮೆಕ್ಯಾನಿಕ್ ಅವನು. ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ, ಎಳೆದು, ಮೂಸಿ, "ಮೈ ಐತಿ", ಅಂದರೆ ದಪ್ಪ ಸರಿಯಾಗಿದೆ, ಎಂದರೆ ಮುಗಿಯಿತು. ಸ್ಟೋರ್ ಗುಮಾಸ್ತನಾದ ನಾನು ಡ್ರಮ್ಮು ಒಳಗೆ ಇಳಿಸಿಕೊಳ್ಳುತ್ತಿದ್ದೆ. ಅದು ನಂಬಿಕೆಗಿಂತ ನನ್ನ ಸೋಮಾರಿತನ.

ತೊಂಬತ್ತನಾಲ್ಕರಲ್ಲಿ ಹೊರದೇಶದ ಕೊರೆಯುವ ಯಂತ್ರವೊಂದು ಬಂತು, ಜೊತೆಗೆ ಡಬ್ಬಿಗಳಲ್ಲಿ ಸಿಂಥೆಟಿಕ್ ಎಣ್ಣೆ. ಜಂಬಪ್ಪ ತಿಕ್ಕಿ ನೋಡಿ ಮುಖ ಕಿವುಚಿದ.

"ನೀರು ಇದ್ದಂಗ ಐತ್ರಿ ಸಾಹೇಬ್ರ. ಎಂಜಿನ್ ಜಾಮ್ ಆಗ್ತೈತಿ. ಹಾಕಬ್ಯಾಡ್ರಿ."

ಯಂತ್ರದ ಜೊತೆ ಬಂದಿದ್ದ ಇಂಜಿನಿಯರು ವಾದಕ್ಕೆ ನಿಲ್ಲಲಿಲ್ಲ. "ನೀವು ಒಳ್ಳೇದು ಅನ್ನೋ ಎಣ್ಣೆ ತನ್ನಿ" ಎಂದರು. ಹಿಂದಿನ ದಿನ ತಾನೇ ಪಾಸು ಮಾಡಿದ್ದ ಡ್ರಮ್ಮಿನಿಂದ ಜಂಬಪ್ಪ ದಪ್ಪನೆಯ ಎಣ್ಣೆ ತಂದ, ಮದುಮಗನ ಗತ್ತಿನಲ್ಲಿ. ಇಂಜಿನಿಯರು ಎರಡನ್ನೂ ಸ್ಟವ್ ಮೇಲಿಟ್ಟು ಕಾಯಿಸಿ, ಚಮಚದಲ್ಲಿ ಎತ್ತಿ ಸುರಿದರು. ಅವರ ತೆಳ್ಳನೆಯ ಎಣ್ಣೆ ಬಿಸಿಯಲ್ಲೂ ಎಳೆಯಾಗಿ ಇಳಿಯಿತು. ನಮ್ಮದು ಸೀಮೆಎಣ್ಣೆಯ ಹಾಗೆ ಚೆಲ್ಲಿಹೋಯಿತು, ಕಮಟು ವಾಸನೆ ಬೇರೆ.

"ಇದು ಬಳಸಿ ಬಿಸಾಕಿದ ಸುಟ್ಟ ಎಣ್ಣೆ ಸೋಸಿ, ಗಟ್ಟಿ ಮಾಡೋ ಮದ್ದು ಬೆರೆಸಿದ್ದು. ತಣ್ಣಗಿದ್ದಾಗ ಬೆರಳಿಗೆ ದಪ್ಪ ಸಿಗುತ್ತೆ, ಎಂಜಿನ್ ಕಾದರೆ ನಿಲ್ಲಲ್ಲ. ಮೂಲದ ಎಣ್ಣೆ ಚೆನ್ನಾಗಿದ್ದರೆ ತೆಳ್ಳಗಿದ್ದರೂ ನಿಲ್ಲುತ್ತೆ."

ಜಂಬಪ್ಪ ನನ್ನ ಕಡೆ ತಿರುಗಿದ.

"ಮುಂಜಾಲೆ ತಾಯಪ್ಪನ ಗಾಡಿಗೆ ಇದನ್ನ ಹಾಕೀನ್ರಿ."

ತಾಯಪ್ಪ ಅವನ ಮಗಳು ವಿರುಪಮ್ಮನ ಗಂಡ. ಲಾರಿಯಲ್ಲಿ ಅದಿರು ತುಂಬಿಕೊಂಡು ಹೊಸಪೇಟೆಗೆ ಹೊರಟು ಅರ್ಧ ಗಂಟೆಯಾಗಿತ್ತು. ಇಳಿಜಾರಿನಲ್ಲಿ ಎಂಜಿನ್ ಜಾಮ್ ಆಗಿ ನಿಂತರೆ, ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕಿಗೆ ಗಾಳಿಯೂ ಸಿಗುವುದಿಲ್ಲ.

ನಾನೂ ಜಂಬಪ್ಪನೂ ಜೀಪಿನಲ್ಲಿ ಹೊರಟೆವು, ಅವನೇ ಓಡಿಸಿದ. ಒಂದು ತಿರುವಿನಲ್ಲಿ ರಸ್ತೆಯಂಚಿನ ಕಲ್ಲುಗಳು ಕಿತ್ತುಹೋಗಿದ್ದವು. ಹಳೆಯದೋ ಹೊಸದೋ ಗೊತ್ತಾಗಲಿಲ್ಲ. ಜಂಬಪ್ಪ ಜೀಪು ನಿಲ್ಲಿಸಿದ, ಇಳಿಯಲಿಲ್ಲ.

"ನೀವ ನೋಡ್ರಿ. ನನ್ನ ಕೈಲೆ ಆಗವಲ್ದು."

ಕಾಲೆಳೆದುಕೊಂಡು ಹೋಗಿ ಕೆಳಗಿನ ಕಮರಿಗೆ ಇಣುಕಿದೆ. ಬರೀ ಜಾಲಿಕಂಟಿ. "ಏನೂ ಇಲ್ಲ" ಎಂದರೂ ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಸುಳ್ಳು ಹೇಳುತ್ತಿದ್ದೇನೆ ಎಂಬಂತೆ.

ಇನ್ನೆರಡು ತಿರುವು ದಾಟಿದರೆ ಲಾರಿ ಸಿಕ್ಕಿತು, ಗುಡ್ಡದ ಬದಿಗೆ ಮೂತಿ ತುರುಕಿಕೊಂಡು ನಿಂತಿತ್ತು. ತಾಯಪ್ಪ ಚಕ್ರದ ಪಕ್ಕ ಕೂತಿದ್ದ. ಹಣೆಯಲ್ಲಿ ರಕ್ತ, ಜೀವಕ್ಕೇನೂ ಆಗಿರಲಿಲ್ಲ. ಜಂಬಪ್ಪ ಓಡಿಹೋಗಿ ಅವನ ಎರಡೂ ಭುಜ ಹಿಡಿದುಕೊಂಡ.

"ಮೀಟರಿನ್ಯಾಗ ಎಣ್ಣಿ ಒತ್ತಡದ ಮುಳ್ಳು ಬೀಳ್ಲಿಲ್ಲೇನು? ಬಿದ್ದ ಕೂಡ್ಲೆ ಯಾಕ ನಿಲ್ಲಿಸ್ಲಿಲ್ಲ?"

"ಬಿತ್ರಿ ಮಾವ, ಮ್ಯಾಲಿನ ತಿರುವಿನ್ಯಾಗ ಬಿತ್ತು" ಎಂದ ತಾಯಪ್ಪ. "ಮುಳ್ಳ ಕೆಟ್ಟೈತಿ ಅಂದ್ಕೊಂಡೆ. ಎಣ್ಣಿ ನೀವು ನೋಡಿ ಹಾಕಿದ್ದಲ್ರಿ."