ಎರಡು ಹರಕೆ, ಒಂದು ಪವಾಡ

ಕಳೆದ ಭಾನುವಾರ ನಾನೊಂದು ಪವಾಡದ ಊಟಕ್ಕೆ ಹೋಗಿದ್ದೆ.

ಹೌದು, ನಾನೇ. ಇದೇ ಅಂಕಣದಲ್ಲಿ ಪವಾಡಗಳ ಬಗ್ಗೆ ಖಾರವಾಗಿ ಬರೆದು, ನಿಮ್ಮಲ್ಲಿ ಕೆಲವರಿಂದ ಅಷ್ಟೇ ಖಾರವಾಗಿ ಬೈಸಿಕೊಂಡವಳು.

ತೂಬಗೆರೆ ಕಡೆಯ ಗೌರಮ್ಮ ಫೋನ್ ಮಾಡಿದ್ದಳು. "ನಮ್ಮೆಜಮಾನ್ರು ಉಳಿದಿದ್ದಕ್ಕೆ ಮಾರಮ್ಮನ ಹರಕೆ ತೀರಿಸ್ತಾ ಇದೀವಿ ಕಣಕ್ಕ. ನೀವು ಬರ್ಲೇಬೇಕು." ಆಗುವುದಿಲ್ಲ ಎನ್ನಲು ಬಾಯಿ ತೆರೆದವಳು "ಬರ್ತೀನಿ" ಅಂದುಬಿಟ್ಟೆ. (ಒಬ್ಬರೇ ಇರುವವರಿಗೆ ಭಾನುವಾರ ಬಹಳ ಉದ್ದ.)

ಗೌರಮ್ಮ ನನಗೆ ನೆಂಟಳಲ್ಲ, ಹಳೆಯ ಗೆಳತಿಯೂ ಅಲ್ಲ. ಆರು ತಿಂಗಳ ಹಿಂದೆ ಒಂದು ಆಸ್ಪತ್ರೆಯ ಐಸಿಯು ಹೊರಗೆ, ಒಂದೇ ಬೆಂಚಿನ ಮೇಲೆ ಒಂಬತ್ತು ದಿನ ಕೂತವರು ನಾವು. ಒಳಗೆ ಅವಳ ಗಂಡ ಮುನಿರಾಜು. ಬೆಳಗಿನ ಜಾವ ಸೇವಂತಿಗೆ ತೋಟಕ್ಕೆ ನೀರು ಹಾಯಿಸಲು ಹೋದವನಿಗೆ ಕಟ್ಟುಹಾವು ಕಚ್ಚಿತ್ತು. ಪಕ್ಕದ ಬೆಡ್‌ನಲ್ಲಿ ನನ್ನ ಅಕ್ಕ ಸುಶೀಲ. ನ್ಯುಮೋನಿಯಾ. ಇಬ್ಬರಿಗೂ ವೆಂಟಿಲೇಟರ್.

ದೇವನಹಳ್ಳಿಯ ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದದ್ದು ಅಕ್ಕ ಮತ್ತು ನಾನು, ಇಬ್ಬರೇ. ಇಬ್ಬರೂ ಮದುವೆಯಾಗಲಿಲ್ಲ. (ಕಾರಣ ಕೇಳಬೇಡಿ, ನಮಗೇ ಮರೆತುಹೋಗಿತ್ತು.) ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ನಾನು ಬರೆದದ್ದನ್ನೆಲ್ಲ ಮೊದಲು ಓದಿ, "ಎರಡು ಪ್ಯಾರಾ ಜಾಸ್ತಿಯಾಯ್ತು ಕಣೇ" ಎನ್ನುತ್ತಿದ್ದವಳು. ಹೆಚ್ಚಿನ ಸಲ ಅವಳ ಮಾತು ಸರಿಯಿರುತ್ತಿತ್ತು.

ಏಳನೇ ದಿನ ಡಾಕ್ಟರ್ ಹೊರಗೆ ಬಂದು ನಮ್ಮಿಬ್ಬರಿಗೂ ಒಂದೇ ಮಾತು ಹೇಳಿದರು. "ನಮ್ಮ ಪ್ರಯತ್ನ ನಾವು ಮಾಡ್ತಿದೀವಿ. ದೇವರ ಮೇಲೆ ಭಾರ ಹಾಕಿ."

ಗೌರಮ್ಮ ಆಗಲೇ ಭಾರ ಹಾಕಿ ಆಗಿತ್ತು. ಕೈಗೆ ಎರಡು ಅರಿಶಿನದ ದಾರ ಕಟ್ಟಿಕೊಂಡಿದ್ದಳು. "ಒಂದು ನಮ್ಮೋರ್ಗೆ, ಇನ್ನೊಂದು ನಿಮ್ಮಕ್ಕಂಗೆ," ಎಂದು ತೋರಿಸಿದಳು. ನಾನು ಸುಮ್ಮನೆ ತಲೆಯಾಡಿಸಿದೆ. ನನಗೆ ಬೇರೆ ವಾದಗಳು ಗೊತ್ತಿದ್ದವಲ್ಲ.

ಯಾವ ವಾದ? ಪ್ರಕೃತಿ ತನ್ನ ನಿಯಮ ಮೀರುವುದಿಲ್ಲ. ಮೀರಿದ್ದನ್ನು ಕಣ್ಣಾರೆ ಕಂಡೆ ಎನ್ನುವವರು ತಪ್ಪು ತಿಳಿದಿರುವ ಸಾಧ್ಯತೆಯೇ ಹೆಚ್ಚು. ಇದು ಒಂದು. ದೇವರಿದ್ದಾನೆ ಎಂದೇ ಇಟ್ಟುಕೊಳ್ಳಿ, ಆಗ ನಿಯಮವೂ ಅವನದೇ, ಔಷಧಿಯೂ ಅವನದೇ. ತಾನೇ ಮಾಡಿದ ನಿಯಮವನ್ನು ಒಬ್ಬರಿಗಾಗಿ ಯಾಕೆ ಮುರಿಯುತ್ತಾನೆ? ಇದು ಇನ್ನೊಂದು. ಬೆಂಚಿನ ಮೇಲೆ ಕೂತು ಎರಡನ್ನೂ ಮನಸ್ಸಿನಲ್ಲೇ ಓದಿಕೊಂಡೆ. ಎರಡೂ ಸರಿಯಾಗಿಯೇ ಇದ್ದವು. ಆದರೆ ನನಗೆ ಕಾಫಿ ತಂದುಕೊಟ್ಟವಳು ಗೌರಮ್ಮ.

ಒಂಬತ್ತನೇ ದಿನ ಬೆಳಿಗ್ಗೆ ಮುನಿರಾಜು ಕೈಬೆರಳು ಆಡಿಸಿದ. ಅವತ್ತೇ ಮಧ್ಯಾಹ್ನ ಅಕ್ಕ ಹೋದಳು.

ಭಾನುವಾರ ಮನೆ ಮುಂದೆ ಶಾಮಿಯಾನ. ಮುದ್ದೆ, ಹಿತಕಿದ ಬೇಳೆ ಸಾರು. ಹೊಸ ಪಂಚೆ ಉಟ್ಟ ಮುನಿರಾಜು ಬಡವಾಗಿದ್ದರೂ ಎಲ್ಲರನ್ನೂ ಕರೆದು ಕೂರಿಸುತ್ತಿದ್ದ. ಪಂಕ್ತಿಯಲ್ಲಿ ಪವಾಡದ್ದೇ ಮಾತು. ಡಾಕ್ಟರು ಕೈ ಚೆಲ್ಲಿದ್ದರಂತೆ, ಮನೆಗೆ ತಗೊಂಡು ಹೋಗಿ ಅಂದಿದ್ದರಂತೆ. (ಅಂದಿರಲಿಲ್ಲ. ನಾನು ಅಲ್ಲೇ ಇದ್ದೆ.)

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು. "ನೀವೂ ಆಸ್ಪತ್ರೇಲಿ ಇದ್ರಂತಲ್ಲಮ್ಮ. ನಿಮ್ಮ ಪೇಷೆಂಟು ಹೆಂಗವ್ರೆ?"

"ಹೋಗ್ಬಿಟ್ರು."

"ಮಾರಮ್ಮ ಯಾರ್ ಮೇಲೆ ಕಣ್ಬಿಡ್ತಾಳೋ, ಹೇಳಕ್ಕಾಗಲ್ಲ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಹಾಗಾದರೆ ನನ್ನ ಅಕ್ಕನ ಸರದಿ ಬಂದಾಗ ಆ ತಾಯಿ ಕಣ್ಣು ಮುಚ್ಚಿಕೊಂಡಿದ್ದಳೇ? ಕೇಳಲಿಲ್ಲ. ಅಷ್ಟು ಜನರ ನಡುವೆ ಆ ಪ್ರಶ್ನೆ ಇದ್ದದ್ದು ನನ್ನೊಬ್ಬಳಿಗೇ ಎಂದುಕೊಂಡು ಎದ್ದೆ.

ಕೈ ತೊಳೆಯಲು ಹಿತ್ತಲಿಗೆ ಹೋದರೆ ಗೌರಮ್ಮ ಚೊಂಬು ಹಿಡಿದು ಹಿಂದೆಯೇ ಬಂದಳು. ನೀರು ಹಾಕಲಿಲ್ಲ.

"ಅಕ್ಕ, ಒಂದು ಮಾತೈತೆ. ಯಾರ್ಗೂ ಹೇಳಿಲ್ಲ. ನಮ್ಮೋರ್ಗೂ ಹೇಳಿಲ್ಲ."

"ಏನು ಗೌರಮ್ಮ?"

"ಎಂಟನೇ ದಿನ ಸಾಯಂಕಾಲ ನಂಗೆ ಭಯ ಆಗೋಯ್ತು. ಎಲ್ಡು ಕೇಳಿದ್ರೆ ಅಮ್ಮ ಒಂದೂ ಕೊಡಲ್ವೇನೋ ಅಂತ. ನಿಮ್ಮಕ್ಕಂದು ದಾರ ಬಿಚ್ಚಾಕ್ಬಿಟ್ಟೆ. ನಮ್ಮೋರ್ನ ಒಬ್ರನ್ನ ಉಳಿಸ್ಕೊಡು ತಾಯಿ, ಸಾಕು ಅಂದೆ. ಮಾರ್ನೇ ದಿನಾನೇ ನಿಮ್ಮಕ್ಕ..." ಅವಳು ಚೊಂಬನ್ನು ಎದೆಗೊತ್ತಿಕೊಂಡಳು. "ನಾನು ಕೈ ಬಿಟ್ಟಿದ್ದಕ್ಕೇ ಹೋದ್ರಾ ಅಕ್ಕ?"

ದಾರ ಬಿಚ್ಚಿದರೆ ಯಾರೂ ಸಾಯುವುದಿಲ್ಲ ಎನ್ನಬಹುದಿತ್ತು. ಹಾಗೆಂದರೆ ದಾರ ಕಟ್ಟಿದ್ದರಿಂದ ಯಾರೂ ಉಳಿಯಲಿಲ್ಲ ಎಂದೂ ಆಗುತ್ತದೆ. ಅಂಗಳದಲ್ಲಿ ಊರೆಲ್ಲ ಉಣ್ಣುತ್ತಿದೆ. ನಾನು ಬರೆದ ಅಷ್ಟೂ ಅಂಕಣಗಳಲ್ಲಿ ಈ ಹೆಂಗಸಿಗೆ ಹೇಳಬಹುದಾದ ಒಂದು ಸಾಲೂ ಇರಲಿಲ್ಲ.

ಕೊನೆಗೆ ನಿಜವನ್ನೇ ಹೇಳಿದೆ.

"ನಾನೂ ಕೇಳ್ಕೊಂಡಿದ್ದೆ ಗೌರಮ್ಮ."

"ನೀವಾ?"

"ಹ್ಞೂಂ. ಮೊದಲನೇ ದಿನದಿಂದ್ಲೇ. ಬರೀ ಅಕ್ಕನಿಗೆ. ನಿಮ್ಮ ಯಜಮಾನ್ರ ಹೆಸ್ರು ಒಂದ್ಸಲಾನೂ ನನ್ನ ಬಾಯಲ್ಲಿ ಬರ್ಲಿಲ್ಲ. ನೀವು ಎಂಟು ದಿನ ಆದ್ರೂ ನನ್ನಕ್ಕನ್ನ ನೆನೆಸಿದ್ರಿ. ಕೈ ಬಿಟ್ಟಿದ್ದಕ್ಕೆ ಜನ ಹೋಗೋದಾಗಿದ್ರೆ, ಮೊದ್ಲು ಹೋಗ್ಬೇಕಾಗಿದ್ದೋರು ನಿಮ್ಮೋರಲ್ವಾ?"

(ಸಮಾಧಾನಕ್ಕೆ ಹೇಳಿದ ಸುಳ್ಳಲ್ಲ ಇದು. ಸುಳ್ಳಾಗಿದ್ದರೆ ನನಗೂ ಆರಾಮಾಗಿರುತ್ತಿತ್ತು.)

"ಹೌದಲ್ವಾ," ಅಂದಳು ಮೆಲ್ಲಗೆ. ಚೊಂಬನ್ನು ಕೆಳಗಿಟ್ಟು ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಮುದ್ದೆಯ ಕೈ ಒಣಗುತ್ತಿತ್ತು. ಅಷ್ಟರಲ್ಲಿ ಅಂಗಳದಿಂದ ಮುನಿರಾಜು ಕೂಗಿದ, ಎರಡನೇ ಪಂಕ್ತಿಗೆ ಸಾರು ಬೇಕಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು. ಹೋಗುವಾಗ ನೆಟ್ಟಗೆ ನಡೆದಳು.

ಮುನಿರಾಜು ಉಳಿದದ್ದು ಔಷಧಿಯಿಂದ, ವೆಂಟಿಲೇಟರಿನಿಂದ. ನಾನು ಈಗಲೂ ಹಾಗೇ ಹೇಳುತ್ತೇನೆ. ಆದರೆ ಪವಾಡವನ್ನು ನಂಬುವವರು ನೆಮ್ಮದಿಯಾಗಿ ಮಲಗುತ್ತಾರೆ ಎಂದು ಇನ್ನು ಬರೆಯುವುದಿಲ್ಲ. ಆರು ತಿಂಗಳು ಗೌರಮ್ಮ ನನಗಿಂತ ಒಂಟಿಯಾಗಿದ್ದಳು, ಮನೆ ತುಂಬ ಜನರಿದ್ದೂ.

ದೊಡ್ಡಬಳ್ಳಾಪುರದಲ್ಲಿ ಬಸ್ ಬದಲಿಸಿ ಸಂಜೆಯ ಹೊತ್ತಿಗೆ ಮನೆ ಸೇರಿದೆ. ಬೀಗ ತೆಗೆದು, ಚಪ್ಪಲಿ ಬಿಟ್ಟು, "ಅಕ್ಕ, ಬಂದೆ ಕಣೇ," ಅಂದೆ. ದಿನವೂ ಅನ್ನುತ್ತೇನೆ.

ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಮಾತಾಡುವುದಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ?