ಹದಿನೇಳನೇ ಪುಟದ ಸೀಲು

ಸಾರ್ವಜನಿಕ ಗ್ರಂಥಾಲಯದ ಖರೀದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿರುವ ಆಕೆಯನ್ನು ಎಲ್ಲರೂ ಸೀಲಮ್ಮ ಎಂದೇ ಕರೆಯುತ್ತಿದ್ದರು. ಕೊಂಡ ಪ್ರತಿ ಪುಸ್ತಕದ ಹದಿನೇಳನೇ ಪುಟದಲ್ಲಿ ಸೀಲು ಬೀಳಬೇಕು, ಬೀಳದಿದ್ದರೆ ಅದು ಗ್ರಂಥಾಲಯದ ಸ್ವತ್ತಲ್ಲ. ನಿಯಮ ಹಾಗಿತ್ತು. ಸೀಲಮ್ಮ ನಿಯಮಕ್ಕಿಂತ ಒಂದು ಕೈ ಮೇಲು. ಯಾರಾದರೂ ಫೋನಿನಲ್ಲಿ ಕೇಳುವ ಧ್ವನಿಪುಸ್ತಕ ತರಿಸಿ ಎಂದು ಅರ್ಜಿ ಕೊಟ್ಟರೆ, ‘ಸೀಲು ಹಾಕಲು ಪುಟವಿಲ್ಲ, ಖರೀದಿಗೆ ಅರ್ಹವಲ್ಲ’ ಎಂದು ದುಂಡಗೆ ಬರೆದು ಫೈಲಿಗೆ ಸೇರಿಸುವಳು. ಜಪ್ಪಯ್ಯ ಅಂದರೂ ಜಗ್ಗುವ ಹೆಂಗಸಲ್ಲ.

ಆಮೇಲೆ ಮನೆಯಲ್ಲಿ ಜೊತೆಗಿದ್ದ ಅವಳ ಅಕ್ಕನ ಕಣ್ಣು ಹೋಯಿತು. ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ ಇಟ್ಟುಕೊಳ್ಳುತ್ತಿದ್ದ ಅಕ್ಕನಿಗೆ ಮೂರು ಸಂಪುಟದ ಕಾದಂಬರಿಯೊಂದರ ಕೊನೆಯದು ಓದದೆ ಉಳಿದುಹೋಯಿತು. ಸೀಲಮ್ಮ ಓದಿ ಹೇಳಲು ಕೂತರೆ ಹತ್ತು ಸಾಲಿಗೊಂದು ಆಕಳಿಕೆ.

"ನೀನು ಓದೋದು ಸರ್ಕಾರಿ ಪ್ರಕಟಣೆ ಇದ್ದಂಗಿದೆ ಕಣೇ," ಎಂದಳು ಅಕ್ಕ. "ಈ ಕಾದಂಬರಿ ಧ್ವನಿಯಲ್ಲೂ ಬಂದಿದೆಯಂತೆ. ಗ್ರಂಥಾಲಯಗಳಿಗೆ ಮಾತ್ರ ಕೊಡ್ತಾರಂತೆ. ನಿಮ್ಮಲ್ಲಿ ತರಿಸೋಕಾಗಲ್ವಾ?"

ಸೀಲಮ್ಮ ಪುಸ್ತಕ ಮುಚ್ಚಿಟ್ಟಳು.

ಮುಂದಿನ ಖರೀದಿ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ನಿಯಮ ತಿದ್ದಬೇಕು ಎಂದಳು. ಕಾಗದದ್ದಾಗಲಿ, ಧ್ವನಿಯದಾಗಲಿ, ಎರಡಕ್ಕೂ ಒಂದೇ ಅಳತೆ ಇರಲಿ. ಸೀಲಿನ ಬದಲು ದಾಖಲೆ ಸಂಖ್ಯೆ ಸಾಕು. ಅಧ್ಯಕ್ಷರು ಹಳೆಯ ಫೈಲು ಬಿಚ್ಚಿದರು.

"ಹನ್ನೊಂದು ಅರ್ಜಿ ತಳ್ಳಿಹಾಕಿದ್ದಾರೆ. ಅಕ್ಷರ ನಿಮ್ಮದೇ ಅಲ್ವೇನಮ್ಮ?"

ಮೇಲಿನವರು ಹೇಳಿದ್ದರು ಎನ್ನಬಹುದಿತ್ತು. ಆ ಮೇಲಿನವರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ಅಲ್ಲಗಳೆಯಲು ಯಾರೂ ಬರುತ್ತಿರಲಿಲ್ಲ.

"ನಂದೇ ಸಾರ್. ತಪ್ಪು ಬರೆದಿದ್ದೆ."

"ಹಾಗಾದ್ರೆ ಕಾಗದದ್ದು ನಿಲ್ಲಿಸಿಬಿಡೋಣ, ಕಪಾಟೂ ಉಳಿಯುತ್ತೆ," ಎಂದರು ಒಬ್ಬ ಸದಸ್ಯರು.

"ಅದೂ ತಪ್ಪೇ ಸಾರ್. ಕೇಳೋರಿಗೆ ಧ್ವನಿ, ಓದೋರಿಗೆ ಕಾಗದ."

ಸಮಿತಿ ಒಪ್ಪಿತು. ಆದರೆ ಪ್ರಯೋಗಕ್ಕೆಂದು ಈ ವರ್ಷ ಆರೇ ಧ್ವನಿಪುಸ್ತಕ. ಯಾವ ಆರು ಎಂದು ಪಟ್ಟಿ ಮಾಡುವ ಕೆಲಸ ಸೀಲಮ್ಮನದೇ. ಅಕ್ಕನ ಕಾದಂಬರಿಯ ಹೆಸರು ಬರೆದಳು, ಹೊಡೆದುಹಾಕಿದಳು. ಹಳೆಯ ಅರ್ಜಿಗಳನ್ನು ತೆಗೆದು ತಾರೀಖಿನ ಪ್ರಕಾರ ಮೊದಲ ಆರನ್ನು ಪಟ್ಟಿಗಿಳಿಸಿದಳು.

ಮನೆಗೆ ಬಂದು ಅಕ್ಕನಿಗೆ ಹೇಳಿದಳು.

"ಹನ್ನೊಂದು ಜನ ಕಾದಿರೋವಾಗ ನಾನೇನು ಆಕಾಶದಿಂದ ಇಳಿದು ಬಂದೋಳಾ? ಓದು, ನಿನ್ನ ಪ್ರಕಟಣೆ."

ಸೀಲಮ್ಮ ಗ್ರಂಥಾಲಯದಿಂದ ತಂದ ಮೂರನೇ ಸಂಪುಟ ಬಿಡಿಸಿ, ಆಕಳಿಕೆ ನುಂಗಿಕೊಂಡು ಓದಿದಳು. ಹದಿನೇಳನೇ ಪುಟಕ್ಕೆ ಬಂದು ನಿಂತಳು.

"ಯಾಕೆ, ಏನಾಯ್ತು?"

"ಎರಡು ಸಾಲು ಕಾಣ್ತಿಲ್ಲ ಅಕ್ಕ. ನನ್ನ ಸೀಲು ಬಿದ್ದಿದೆ."