ಯಾರೂ ಮುರಿದು ನೋಡದ ಜಾಯಿಂಟು

ಹೊಗಳಿಕೆ ಕೇಳಿದರೆ ಮೈ ಉರಿಯುವ ಹೆಂಗಸು ಲೋಕದಲ್ಲಿ ಅಪರೂಪ. ಟೈಲರಮ್ಮನಿಗೆ ಉರಿಯುತ್ತಿತ್ತು, ಅದೂ ಮೂರು ತಿಂಗಳಿಂದ.

ಹದಿನೆಂಟು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿದವಳು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ, ನಲವತ್ತಕ್ಕೆ ಇನ್ನೆರಡು ವರ್ಷ ಇರುವಾಗ, ವೆಲ್ಡಿಂಗ್ ತರಬೇತಿಗೆ ಸೇರಿದಳು. ನಾದಿನಿ, "ಅತ್ತಿಗೆ, ಮುಖ ಸುಟ್ಕೊಂಡ್ರೆ ಅಣ್ಣ ನಿಮ್ಮ ಗುರುತು ಹಿಡೀತಾನಾ?" ಎಂದಳು. "ಹದಿನೈದು ವರ್ಷದಿಂದ ನನ್ನ ಮುಖ ನೋಡಿದ್ರೆ ತಾನೇ ಗುರುತು ಹಿಡಿಯೋದು" ಎಂದು ಟೈಲರಮ್ಮ ಚಪ್ಪಲಿ ಬಿಟ್ಟು ಬೂಟು ಮೆಟ್ಟಿದಳು.

ತರಬೇತಿ ಶೆಡ್ಡಿನ ಮೇಷ್ಟ್ರಿಗೆ ಬರುತ್ತಿದ್ದುದು ಒಂದೇ ಪಾಠ: ಮುರಿಯುವುದು. ಒಂದು ಕಬ್ಬಿಣದ ಪಟ್ಟಿಯ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ ಒಂದೇ ಮಗ್ಗುಲಿಗೆ ಬೆಸೆದು ತರಬೇಕು. ಅವರು ಅದನ್ನು ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳಕ್ಕೆ, ಅಂದರೆ ವೈಸಿಗೆ, ಕಚ್ಚಿಸಿ ದೊಡ್ಡ ಸುತ್ತಿಗೆಯಲ್ಲಿ ಬಾರಿಸುವರು. ಪಟ್ಟಿ ಪೂರಾ ಮಡಿಚಿ ಮಲಗಿದರೂ ಬೆಸುಗೆ ಬಿಡದಿದ್ದರೆ ಪಾಸು. ಮುರಿದರೆ ಒಳಗಿನ ಬಂಡವಾಳ ಬಯಲು, ಜೊತೆಗೆ ಬೆಸೆದವನ ಮೂರು ತಲೆಮಾರಿಗೆ ಸಹಸ್ರನಾಮ.

ಟೈಲರಮ್ಮನ ಸರದಿ ಬಂದರೆ ಮಾತ್ರ ಸುತ್ತಿಗೆ ಸಾಧುವಾಗಿಬಿಡುತ್ತಿತ್ತು. ಮೇಷ್ಟ್ರು ಜಾಯಿಂಟನ್ನು ಎರಡೂ ಕೈಯಲ್ಲಿ ಹಿಡಿದು, "ಚೆನ್ನಾಗಿದೆ ತಾಯಿ, ಹೊಲಿಗೆ ಹಾಕಿದ ಹಾಗಿದೆ" ಎಂದು ಗಾಜಿನ ಬಟ್ಟಲಿನಂತೆ ಕಪಾಟಿನಲ್ಲಿ ಇಡುವರು. ಹೀಗೇ ಪಾಸಾಗಿ, ಸೋಮವಾರ ನೀರಿನ ಟ್ಯಾಂಕಿನ ಏಣಿ ಬೆಸೆಯಲು ಹೋಗುವವರ ಪಟ್ಟಿಯಲ್ಲಿ ಅವಳ ಹೆಸರೂ ಬಿತ್ತು. ಅರವತ್ತು ಅಡಿ ಏಣಿ. ಅದನ್ನು ಯಾರೋ ಹತ್ತುತ್ತಾರೆ. ತನ್ನ ಬೆಸುಗೆ ಒಬ್ಬ ಮನುಷ್ಯನನ್ನು ಹೊರುತ್ತದೋ ಇಲ್ಲವೋ, ಅವಳಿಗೇ ಗೊತ್ತಿಲ್ಲ.

ಗುರುವಾರ ಪಟ್ಟಿ ನೋಡಿದವಳು ಅಂದು ಬೆಸೆದ ಜಾಯಿಂಟನ್ನು ತಾನೇ ವೈಸಿಗೆ ಕಚ್ಚಿಸಿ, "ಹೊಡೀರಿ ಸಾರ್" ಎಂದಳು.

ಸುಮ್ಮನೆ ಯಾಕೆ, ಕಣ್ಣಲ್ಲಿ ನೋಡಿದರೇ ಗೊತ್ತಾಗುತ್ತದಲ್ಲ, ಹೆಂಗಸರ ಮನಸ್ಸು ನೋಯಿಸಬಾರದು ಎಂದು ಮೇಷ್ಟ್ರು ರಾಗ ಎಳೆದರು.

"ನನ್ನ ಮನಸ್ಸು ಹಾಗಿರಲಿ, ಏಣಿ ಹತ್ತೋನ ಸೊಂಟದ ಕಥೆ ಹೇಳಿ. ನಾನು ಇಲ್ಲಿಗೆ ಕಲಿಯೋಕೆ ಬಂದಿದ್ದೀನಾ, ನೆಂಟರ ಮನೆಗೆ ಬಂದಿದ್ದೀನಾ?"

ಮೇಷ್ಟ್ರು ಸುತ್ತಿಗೆ ಮುಟ್ಟಲಿಲ್ಲ. ಅವಳೇ ಎತ್ತಿದಳು. ಮೊದಲ ಏಟು ವೈಸಿಗೆ ಬಿತ್ತು. ಎರಡನೆಯದಕ್ಕೆ ಜಾಯಿಂಟು ಒಣ ಕಡ್ಡಿಯಂತೆ ಪಟಕ್ಕನೆ ಮುರಿಯಿತು. ಮೇಲೆ ಅಂದವಾದ ಹೊಲಿಗೆ. ಒಳಗೆ ಉದ್ದಕ್ಕೂ ಕಪ್ಪು ಕಿಟ್ಟ. ಕಬ್ಬಿಣ ಕಬ್ಬಿಣವನ್ನು ಹಿಡಿದೇ ಇರಲಿಲ್ಲ.

ಕಪಾಟಿನಲ್ಲಿದ್ದ ಹನ್ನೊಂದನ್ನೂ ತಂದು ಒಂದೊಂದಾಗಿ ಒಡೆದಳು. ಹನ್ನೊಂದರಲ್ಲೂ ಅದೇ ಕಿಟ್ಟ. ಶೆಡ್ಡಿನಲ್ಲಿ ಎಲ್ಲರ ಕೈಯೂ ನಿಂತಿತು.

"ಮೂರು ತಿಂಗಳು ಸಾರ್. ಮೊದಲನೇ ದಿನವೇ ಒಂದು ಏಟು ಹಾಕಿದ್ರೆ ಇಷ್ಟೊತ್ತಿಗೆ ಕಲಿತಿರ್ತಿದ್ದೆ. ನನ್ನ ಹೆಸರು ಹೊಡೆದು ಹಾಕಿ. ಮುರಿಯದೇ ಇರೋದು ಬಂದಾಗ ಬರೀರಿ."

ಮೇಷ್ಟ್ರ ಮುಖ ಕಾದ ಸರಳಿನ ಬಣ್ಣಕ್ಕೆ ತಿರುಗಿತು. ಬಾಯಿಗೆ ಬಂದದ್ದು ಬೈಗುಳವೇ: "ಬಟ್ಟೆ ಅಂಚು ಹೊಲಿಯೋ ಹಾಗೆ ಮೇಲ್ಮೇಲೆ ಓಡಿದ್ರೆ ಇನ್ನೇನಾಗುತ್ತೆ? ಕರೆಂಟು ಏರಿಸು, ಮೂಲೆಗೆ ಬೆಂಕಿ ಇಳಿಸು, ದಂಡಪಿಂಡ!"

ಮೂರು ತಿಂಗಳಲ್ಲಿ ಅವಳಿಗೆ ಸಿಕ್ಕ ಮೊದಲ ಪಾಠ ಅದು. ಆದರೂ ಸಿಟ್ಟು ಇಳಿಯಲಿಲ್ಲ. ಇಷ್ಟು ಚೆನ್ನಾಗಿ ಬೈಯಲು ಬರುವ ಮನುಷ್ಯ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿದ್ದ ಎಂದು ಇನ್ನಷ್ಟು ಏರಿತು. ಶುಕ್ರವಾರ ಏಳು ಮುರಿದವು, ಏಳು ಸಲ ಬೈಸಿಕೊಂಡಳು. ಶನಿವಾರ ಮಧ್ಯಾಹ್ನ ಎಂಟನೆಯದು ಮಡಿಚಿ ಮಲಗಿತು, ಬಾಯಿ ಬಿಡಲಿಲ್ಲ. ಮೇಷ್ಟ್ರು ಹಟಕ್ಕೆ ಬಿದ್ದು ಇನ್ನೂ ಮೂರು ಏಟು ಹಾಕಿ, ಏದುಸಿರು ಬಿಡುತ್ತ ಪಟ್ಟಿಯಲ್ಲಿ ಹೆಸರು ಬರೆದರು. ರಾಜಿಗೆ ಬಂದವರಂತೆ, "ಆ ಏಣೀನ ಮೊದಲು ನಾನೇ ಹತ್ತಿ ನೋಡ್ತೀನಿ" ಎಂದರು.

ಟೈಲರಮ್ಮ ಅವರ ಹೊಟ್ಟೆಯನ್ನು ಒಮ್ಮೆ ಅಳತೆ ತೆಗೆಯುವವಳಂತೆ ನೋಡಿದಳು. "ಬನ್ನಿ ಸಾರ್. ನೀವು ಹತ್ತಿ ಇಳಿದ್ರೆ ಅದಕ್ಕೆ ಬೇರೆ ಪರೀಕ್ಷೆ ಬೇಡ."